ಜೀಪಿನ ಕಿಟಕಿ

ಕಿಟಕಿಯಿಂದ ಮನುಷ್ಯ ಬಯಸುವುದು ಬಹಳ. ಬೆಳಕು ಒಳಗೆ ಬರಬೇಕು, ಮಳೆ ಬರಬಾರದು. ಗಾಳಿ ಬರಬೇಕು, ಚಳಿ ಬರಬಾರದು. ಒಳಗಿರುವವನಿಗೆ ಹೊರಗಿನದೆಲ್ಲ ಕಾಣಬೇಕು, ಹೊರಗಿನ ಧೂಳು ಮಾತ್ರ ಹೊಸ್ತಿಲಾಚೆಯೇ ಉಳಿಯಬೇಕು. ಒಂದಕ್ಕೊಂದು ಎದುರಾದ ಇಷ್ಟು ಬೇಡಿಕೆಗಳ ನಡುವೆ ಆದ ಒಡಂಬಡಿಕೆಯೇ ಕಿಟಕಿ. ನಿಂತಲ್ಲೇ ನಿಂತಿರುವ ಮನೆಯ ಕಿಟಕಿಯ ಪಾಡೇ ಹೀಗಿರುವಾಗ ಓಡುವ ಗಾಡಿಯ ಕಿಟಕಿಯ ಪಾಡನ್ನು ಕೇಳಬೇಕೆ? ಅದರಲ್ಲಿಯೂ ಬಾಗಿಲೇ ಇಲ್ಲದೆ ಹುಟ್ಟಿಬಂದ ಗಾಡಿಯೊಂದಕ್ಕೆ ಮುಂದೊಂದು ದಿನ ಬಾಗಿಲು ಮಾಡಿಸಿ, ಆ ಬಾಗಿಲಿಗೊಂದು ಕಿಟಕಿ ಇಡಿಸಹೊರಟರೆ ಕೆಲಸ ಎಷ್ಟು ಸೂಕ್ಷ್ಮವಾದೀತು! ಮಲೆನಾಡಿನ ಹಳೆಯ ಜೀಪುಗಳ ಕಥೆ ಇಂಥದು.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆ ಕೆಸರು, ಮರಳು, ಕಲ್ಲು ಯಾವುದನ್ನೂ ಲೆಕ್ಕಿಸದೆ ಸಾಗುವ ಹಗುರವಾದ ಗಾಡಿಯೊಂದು ಬೇಕಾಯಿತು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹಾಯುವ ಜೀಪನ್ನು 1941ರಿಂದ 1945ರವರೆಗೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಮಿಕ್ಕಿ ತಯಾರಿಸಿದವು. ಅವಕ್ಕೆ ಬಾಗಿಲುಗಳಿರಲಿಲ್ಲ. ಗುಂಡು ಹಾರುತ್ತಿರುವಲ್ಲಿ ಸೈನಿಕನು ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಕ್ಕೆ ನೆಗೆಯಬೇಕು. ಬಾಗಿಲಿನ ಹಿಡಿಯನ್ನು ಹುಡುಕುತ್ತ ಕೂರಲು ಅಲ್ಲಿ ವ್ಯವಧಾನವಿಲ್ಲ. ಬಾಗಿಲಿಲ್ಲದಿದ್ದರೆ ಅಷ್ಟು ಭಾರವೂ ಕಡಿಮೆ. ಆದ್ದರಿಂದ ಬದಿಯಲ್ಲಿ ದೋಣಿಯ ಅಂಚಿನಂತೆ ಬಾಗಿದ ತೆರವೊಂದನ್ನು ಬಿಟ್ಟು, ತಲೆಯ ಮೇಲೆ ಕ್ಯಾನ್ವಾಸಿನ ಹೊದಿಕೆಯೊಂದನ್ನು ಹಾಸಿದರೆ ಗಾಡಿ ಸಿದ್ಧ. ಮುಂದಿನ ಗಾಜನ್ನು ಕೂಡ ಅದರ ಚೌಕಟ್ಟಿನೊಂದಿಗೆ ಬಾನೆಟ್ಟಿನ ಮೇಲಕ್ಕೆ ಮಡಚಿ ಮಲಗಿಸಬಹುದಾಗಿತ್ತು.

ಯುದ್ಧ ಮುಗಿಯಿತು, ಜೀಪು ಮುಗಿಯಲಿಲ್ಲ. 1940ರ ದಶಕದ ಕೊನೆಯ ಹೊತ್ತಿಗೆ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆಯು ಜೀಪುಗಳ ಬಿಡಿಭಾಗಗಳನ್ನು ತರಿಸಿ ಜೋಡಿಸತೊಡಗಿತು. ಬರಬರುತ್ತ ಅವು ನಮ್ಮ ದೇಶದಲ್ಲಿಯೇ ತಯಾರಾದವು. ಬಾನೆಟ್ಟು ಎತ್ತರವಾಗಿರುವ ಸಿಜೆ-3ಬಿ ಎಂಬ ಮಾದರಿಯು ದಶಕಗಳ ಕಾಲ ಭಾರತದ ರಸ್ತೆಗಳಲ್ಲಿ, ರಸ್ತೆಯಿಲ್ಲದ ಕಡೆಗಳಲ್ಲಿಯೂ, ಓಡಾಡಿತು. ಮೂಡಿಗೆರೆ, ಕೊಪ್ಪ, ಸಕಲೇಶಪುರ, ಮಡಿಕೇರಿಗಳ ಕಾಫಿ ತೋಟಗಳಿಗೆ ಅದು ಹೇಳಿ ಮಾಡಿಸಿದ ಗಾಡಿ. ಗೊಬ್ಬರದ ಚೀಲ, ಕಾಫಿಯ ಮೂಟೆ, ಸಂತೆಯ ಸಾಮಾನು, ಶಾಲೆಯ ಮಕ್ಕಳು, ಮದುವೆಯ ದಿಬ್ಬಣ ಎಲ್ಲವನ್ನೂ ಹೊತ್ತು ಅದು ಏರು ಹತ್ತಿತು. ನಡುರಾತ್ರಿಯಲ್ಲಿ ಹೆರಿಗೆಯ ನೋವಿನಿಂದ ನರಳುವ ಹೆಣ್ಣುಮಗಳನ್ನು ಆಸ್ಪತ್ರೆಗೆ ಮುಟ್ಟಿಸುವ ಭಾರವೂ ಎಷ್ಟೋ ಊರುಗಳಲ್ಲಿ ಅದರ ಪಾಲಿಗೇ ಬಂದಿತು.

ಆದರೆ ಜೀಪನ್ನು ರೂಪಿಸಿದವರು ಆಗುಂಬೆಯ ಮಳೆಯನ್ನು ಕಂಡವರಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಅದು. ಅಲ್ಲಿ ಮಳೆ ಮೇಲಿನಿಂದ ಕೆಳಕ್ಕೆ ಮಾತ್ರ ಬೀಳುವುದಿಲ್ಲ. ಗಾಳಿಯ ಸಂಗಡ ಅಡ್ಡಡ್ಡಲಾಗಿಯೂ ಬರುತ್ತದೆ, ಚಕ್ರದಡಿಯ ಹೊಂಡದಿಂದ ಮೇಲಕ್ಕೂ ಚಿಮ್ಮುತ್ತದೆ. ಗದ್ದೆಯಲ್ಲಿ ಗೊರಬು ಸೂಡಿ ಬಗ್ಗಿ ನಾಟಿ ಮಾಡುವವರಿಗೆ ಬೆನ್ನ ಮೇಲಿನ ರಕ್ಷೆ ಸಾಕಾದೀತು. ಗಾಡಿಯಲ್ಲಿ ನೆಟ್ಟಗೆ ಕುಳಿತು ಎದುರು ದಾರಿಯನ್ನು ನೋಡಬೇಕಾದವನಿಗೆ ಅಷ್ಟು ಸಾಲದು. ಆದ್ದರಿಂದ ಜೀಪಿನ ಬದಿಗಳಿಗೆ ಕ್ಯಾನ್ವಾಸಿನ ಪರದೆಗಳು ಬಂದವು. ಪರದೆಯ ನಡುವೆ ಒಂದು ಚೌಕವನ್ನು ಕತ್ತರಿಸಿ, ಅಲ್ಲಿ ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಯನ್ನು ಹೊಲಿದು ಕೂರಿಸಿದರು. ಜೀಪಿನ ಮೊದಲ ಕಿಟಕಿ ಇದೇ.

ಈ ಕಿಟಕಿಯ ಗುಣವೂ ದೊಡ್ಡದು, ದೋಷವೂ ದೊಡ್ಡದು. ಅಗ್ಗ, ಹಗುರ, ಬೇಡವಾದಾಗ ಸುರುಳಿ ಸುತ್ತಿ ಪಟ್ಟಿಯಿಂದ ಕಟ್ಟಿಡಬಹುದು, ಹರಿದರೆ ಪೇಟೆಯ ಕುಶನ್ ಅಂಗಡಿಯವನು ಅರ್ಧ ದಿನದಲ್ಲಿ ಹೊಲಿದು ಕೊಡುತ್ತಾನೆ. ಆದರೆ ಬಿಸಿಲಿಗೆ ಕಾದು, ಮತ್ತೆ ಮತ್ತೆ ಮಡಚಿಸಿಕೊಂಡು, ಎರಡು ಮೂರು ವರ್ಷಗಳಲ್ಲಿ ಆ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಮಂಜಾಗುತ್ತದೆ, ಮಡಿಕೆಯ ಗೆರೆಯಲ್ಲಿ ಬಿರಿಯುತ್ತದೆ. ರಾತ್ರಿಯ ಮಳೆಯಲ್ಲಿ ಎದುರಿನ ಲಾರಿಯ ದೀಪ ಅದರ ಮೇಲೆ ಬಿದ್ದರೆ ಬದಿಯಲ್ಲಿ ಕಾಣುವುದು ಬರಿಯ ಹಳದಿ ಹೊಗೆ. ಘಾಟಿಯ ತಿರುವಿನಲ್ಲಿ ರಸ್ತೆಯ ಅಂಚು ಎಲ್ಲಿ, ಪ್ರಪಾತದ ಆರಂಭ ಎಲ್ಲಿ ಎಂಬುದು ಚಾಲಕನಿಗೆ ತಿಳಿಯದೆ ಹೋಗುತ್ತದೆ. ಇಲ್ಲಿಗೆ ಕಿಟಕಿಯ ಪ್ರಶ್ನೆ ಸುಖದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಒಳಗೆ ಕುಳಿತವರ ಪ್ರಾಣದ ಪ್ರಶ್ನೆಯಾಗುತ್ತದೆ.

ಆದ ಕಾರಣ ಬೇಸಿಗೆಯ ಕೊನೆಯಲ್ಲಿ, ಮೊದಲ ಮುಂಗಾರು ಗುಡುಗುವ ಮುನ್ನ, ಮಲೆನಾಡಿನ ಪೇಟೆಗಳ ಗ್ಯಾರೇಜುಗಳಲ್ಲಿ ಒಂದು ಬಗೆಯ ಮಾತುಕತೆ ನಡೆಯುವುದುಂಟು.

"ಮೇಸ್ತ್ರಿಗಳೇ, ಈ ಸಲ ಮಳೆ ಹಿಡಿಯುವುದರೊಳಗೆ ಜೀಪಿಗೆ ತಗಡಿನ ಬಾಗಿಲು ಮಾಡಿಕೊಡಿ. ಕಾರಿನಲ್ಲಿ ಇರುತ್ತದಲ್ಲ, ಹಾಗೆ ತಿರುವಿದರೆ ಗಾಜು ಕೆಳಗೆ ಇಳಿಯಬೇಕು" ಎನ್ನುತ್ತಾರೆ ತೋಟದ ಯಜಮಾನರು.

"ಮಾಡೋಣ ಗೌಡ್ರೆ, ಅದಕ್ಕೇನು? ಆದರೆ ಇಳಿದ ಗಾಜು ಎಲ್ಲಿ ಹೋಗಿ ಕೂರಬೇಕು, ಅದನ್ನೊಂದು ಹೇಳಿಬಿಡಿ" ಎಂದು ಮೇಸ್ತ್ರಿ ನಗುತ್ತಾರೆ.

ಆ ಪ್ರಶ್ನೆಯಲ್ಲಿ ಅರ್ಧ ವಿದ್ಯೆ ಅಡಗಿದೆ. ಕಾರಿನ ಬಾಗಿಲನ್ನು ನಾವು ಒಂದು ಹಲಗೆಯೆಂದು ತಿಳಿಯುತ್ತೇವೆ. ನಿಜವಾಗಿ ಅದೊಂದು ಪೆಟ್ಟಿಗೆ. ಹೊರಗಿನ ತಗಡಿಗೂ ಒಳಗಿನ ತಗಡಿಗೂ ನಡುವೆ ಟೊಳ್ಳಾದ ಹೊಟ್ಟೆಯೊಂದಿದೆ. ಕೆಳಕ್ಕಿಳಿದ ಗಾಜು ಆ ಹೊಟ್ಟೆಯೊಳಗೆ ನಿಲ್ಲುತ್ತದೆ. ಅದನ್ನು ಏರಿಸಿ ಇಳಿಸುವ ಕತ್ತರಿಯಾಕಾರದ ರೆಗ್ಯುಲೇಟರ್ ಕೂಡ ಅಲ್ಲಿಯೇ ಇರಬೇಕು. ಗಾಜಿನ ಎತ್ತರ ಒಂದೂವರೆ ಅಡಿಯಾದರೆ ಅದರ ಕೆಳಗಿನ ಹೊಟ್ಟೆಯ ಆಳ ಒಂದೂವರೆ ಅಡಿಗಿಂತ ಹೆಚ್ಚಿರಬೇಕು. ಜೀಪಿನ ಬದಿಯ ತೆರವಾದರೋ ತಳದಲ್ಲಿ ಬಾಗಿದ್ದು. ಅದಕ್ಕೆ ಹೊಂದಿಸಿದ ಬಾಗಿಲೂ ತಳದಲ್ಲಿ ಕಿರಿದಾಗುತ್ತದೆ. ಅಗಲವಾದ ಗಾಜು ಕಿರಿದಾದ ತಳಕ್ಕೆ ಇಳಿಯುವುದಾದರೂ ಹೇಗೆ? ಬಾಗಿಲನ್ನು ದಪ್ಪ ಮಾಡಿದರೆ ಚಾಲಕನ ಮೊಣಕೈಗೆ ಜಾಗವಿಲ್ಲ. ಭಾರ ಹೆಚ್ಚಿದರೆ ಕೀಲುಗಳು ಜಗ್ಗುತ್ತವೆ.

ಇನ್ನೊಂದು ತೊಡಕೂ ಉಂಟು. ಗಾಜು ಏರಿಳಿಯುವುದು ಎರಡು ಬದಿಯ ಚಾನಲ್‌ಗಳ ನಡುವೆ. ಆ ಎರಡು ಚಾನಲ್‌ಗಳು ಸಮಾಂತರವಾಗಿರಲೇಬೇಕು. ಕೆಳಗೆ ಹೋದಂತೆ ಅವು ದೂರವಾದರೆ ಗಾಜು ಸಡಿಲವಾಗಿ ಅಲುಗುತ್ತದೆ. ಹತ್ತಿರವಾದರೆ ಸಿಕ್ಕಿಕೊಂಡು ಒಡೆಯುತ್ತದೆ. ಮುಂದಿನ ಗಾಜು ಓರೆಯಾಗಿರುವ ಗಾಡಿಗಳಲ್ಲಿ ಬಾಗಿಲಿನ ಮುಂಭಾಗವೂ ಓರೆ. ಹಿಂಭಾಗ ಮಾತ್ರ ನೇರ. ಹಳೆಯ ಕಾರುಗಳ ಬಾಗಿಲಿನ ಮುಂದಿನ ಮೂಲೆಯಲ್ಲಿ ತ್ರಿಕೋನಾಕಾರದ ಪುಟ್ಟ ಗಾಜೊಂದು ಇರುತ್ತಿದ್ದುದನ್ನು ಕೆಲವರಾದರೂ ಕಂಡಿರಬಹುದು. ಆ ಓರೆಯನ್ನು ತ್ರಿಕೋನವು ತನ್ನ ಪಾಲಿಗೆ ತೆಗೆದುಕೊಂಡು, ದೊಡ್ಡ ಗಾಜಿಗೆ ಎರಡು ಸಮಾಂತರ ಬಾಹುಗಳನ್ನು ಉಳಿಸಿಕೊಡುತ್ತದೆ. ತರಗತಿಯಲ್ಲಿ ಕಲಿತ ರೇಖಾಗಣಿತವು ಹೀಗೆ ಗ್ಯಾರೇಜಿನ ನೆಲದ ಮೇಲೆ, ಸುಣ್ಣದ ಕಡ್ಡಿಯಲ್ಲಿ ಬರೆದ ಗೆರೆಯಾಗಿ ಕಾಣಿಸಿಕೊಳ್ಳುತ್ತದೆ.

ಇಳಿಯುವ ಗಾಜು ಹೊಂದದಿದ್ದರೆ ಉಳಿಯುವ ದಾರಿಗಳು ಎರಡು. ಗಾಜನ್ನು ಅಲುಗದಂತೆ ಬಿಗಿದು ಕೂರಿಸುವುದು ಒಂದು. ಇದು ಸುಲಭ, ಆದರೆ ಗಾಳಿಯ ಹಾದಿ ಮುಚ್ಚಿಹೋಗುತ್ತದೆ. ಗೇಟಿನ ಬಳಿ ಒಂದು ಮಾತು ಕೇಳಬೇಕಾದರೂ ಬಾಗಿಲನ್ನೇ ತೆರೆಯಬೇಕು. ತಿರುಗುವ ಮುನ್ನ ಚಾಲಕನು ಕೈಯನ್ನು ಹೊರಚಾಚಿ ಸನ್ನೆ ಮಾಡಬೇಕಾಗಿದ್ದ ಕಾಲದಲ್ಲಂತೂ ಇದು ಆಗದ ಮಾತಾಗಿತ್ತು. ಎರಡನೆಯದು ಸರಿಯುವ ಗಾಜು: ಚೌಕಟ್ಟಿನ ಮೇಲೆ ಕೆಳಗೆ ಜೋಡಿ ಚಾನಲ್‌ಗಳನ್ನಿಟ್ಟು, ಎರಡು ಗಾಜುಗಳನ್ನು ಒಂದರ ಹಿಂದೊಂದು ನಿಲ್ಲಿಸಿ, ಅತ್ತಿತ್ತ ಸರಿಸುವಂತೆ ಮಾಡುವುದು. ಅರ್ಧ ಕಿಟಕಿ ಮಾತ್ರ ತೆರೆಯುತ್ತದೆ ಎಂಬ ಕೊರತೆಯೊಂದನ್ನು ಬಿಟ್ಟರೆ ತೆಳುವಾದ ಬಾಗಿಲಿಗೆ ಇದಕ್ಕಿಂತ ಒಪ್ಪುವ ಉಪಾಯವಿಲ್ಲ.

ಈ ಉಪಾಯಕ್ಕೆ ದೂರದ ಇಂಗ್ಲೆಂಡಿನಲ್ಲಿ ದೊಡ್ಡದೊಂದು ನಿದರ್ಶನವಿದೆ. ಅಲ್ಲಿಯ ರೋವರ್ ಕಂಪನಿಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ತಮ್ಮ ಜಮೀನಿನ ಕೆಲಸಕ್ಕೆ ಯುದ್ಧಕಾಲದ ಹಳೆಯ ಜೀಪೊಂದನ್ನು ಬಳಸುತ್ತಿದ್ದರು. ಅದರ ಅನುಭವದಿಂದಲೇ ಲ್ಯಾಂಡ್ ರೋವರ್ ಹುಟ್ಟಿತು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ನಗರದ ಪ್ರದರ್ಶನದಲ್ಲಿ ಅದನ್ನು ಜನರ ಮುಂದೆ ನಿಲ್ಲಿಸಿದರು. ಯುದ್ಧಾನಂತರ ಉಕ್ಕಿಗೆ ಕೊರತೆಯಿದ್ದುದರಿಂದ ಅದರ ಮೈಗೆ ಅಲ್ಯುಮಿನಿಯಂ ಮಿಶ್ರಲೋಹದ ತಗಡನ್ನು ಬಳಸಿದರು. ಅದರ ಬಾಗಿಲು ಎರಡು ತುಂಡು: ಕೆಳಗಿನದು ತಗಡು, ಮೇಲಿನದು ಕಿಟಕಿಯ ಚೌಕಟ್ಟು. ಬೋಲ್ಟುಗಳನ್ನು ಬಿಚ್ಚಿದರೆ ಮೇಲಿನ ತುಂಡನ್ನು ಪೂರ್ತಿಯಾಗಿ ಎತ್ತಿ ತೆಗೆದಿಡಬಹುದು. ದಶಕಗಳ ಕಾಲ ಆ ಚೌಕಟ್ಟಿನಲ್ಲಿ ಇದ್ದುದು ಸರಿಯುವ ಗಾಜೇ. ತಿರುವಿ ಇಳಿಸುವ ಗಾಜಿನ ಬಾಗಿಲು ಆ ವಂಶಕ್ಕೆ ಬಂದುದು 1984ರಲ್ಲಿ.

ಸರಿಯುವ ಗಾಜಿನ ಶತ್ರು ಎಲ್ಲಿರುತ್ತಾನೆ ಎಂಬುದನ್ನು ಈ ಲ್ಯಾಂಡ್ ರೋವರ್‌ಗಳೇ ಜಗತ್ತಿಗೆ ಕಲಿಸಿದವು. ಗಾಜು ಸದ್ದಿಲ್ಲದೆ ಸರಿಯಲೆಂದು ಚಾನಲ್ಲಿನಲ್ಲಿ ಮೆತ್ತನೆಯ ಬಟ್ಟೆಯಂಥ ಒಳಪಟ್ಟಿಯನ್ನು ಹಾಸಿರುತ್ತಾರೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಈ ಪಟ್ಟಿ ಮಳೆಯ ನೀರನ್ನು ಹೀರುತ್ತದೆ. ಧೂಳು ಬಂದು ಸೇರುತ್ತದೆ. ಕೆಲವು ವರ್ಷಗಳಲ್ಲಿ ಅಲ್ಲಿ ಹಾವಸೆ ಬೆಳೆಯುತ್ತದೆ. ಒದ್ದೆ ಆರದ ಉಕ್ಕು ಒಳಗಿನಿಂದಲೇ ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದ ಚಾನಲ್ ಗಾಜನ್ನು ಹಿಡಿದು ನಿಲ್ಲಿಸುತ್ತದೆ. ಹಳೆಯ ಲ್ಯಾಂಡ್ ರೋವರನ್ನು ಅಕ್ಕರೆಯಿಂದ ಕಾಪಾಡುವವರು ಇಂದಿಗೂ ಹೆಚ್ಚಾಗಿ ದುರಸ್ತಿ ಮಾಡುವ ಭಾಗಗಳಲ್ಲಿ ಬಾಗಿಲಿನ ಈ ಚೌಕಟ್ಟೂ ಒಂದು. ಮೈಯೆಲ್ಲ ಅಲ್ಯುಮಿನಿಯಂ ಆಗಿದ್ದರೂ ಚಾನಲ್ಲಿನ ತಳದಲ್ಲಿ ನಿಂತ ಒಂದು ಬೊಗಸೆ ನೀರು ಅದನ್ನು ಸೋಲಿಸಿತು.

ಆದ್ದರಿಂದ ಬಲ್ಲ ಮೇಸ್ತ್ರಿ ನೀರನ್ನು ಪೂರ್ತಿಯಾಗಿ ತಡೆದುಬಿಡುತ್ತೇನೆಂದು ಹಟ ಹಿಡಿಯುವುದಿಲ್ಲ. ಎಷ್ಟೇ ಬಿಗಿಯಾದ ರಬ್ಬರ್ ಬೀಡಿಂಗ್ ಹಾಕಿದರೂ ಮಲೆನಾಡಿನ ಮಳೆ ಎಲ್ಲಿಯಾದರೂ ಒಂದು ಸಂದಿ ಹುಡುಕಿ ಒಳಗೆ ಬರುತ್ತದೆ. ಹಾಗೆ ಬಂದ ನೀರು ನಿಲ್ಲದೆ ಹೊರಗೆ ಹೋಗಬೇಕು. ಅದಕ್ಕಾಗಿ ಅವನು ಚಾನಲ್ಲಿನ ತಳದಲ್ಲಿ ಹೊರಮುಖವಾಗಿ ಸಣ್ಣ ಸಣ್ಣ ತೂತುಗಳನ್ನು ಕೊರೆಯುತ್ತಾನೆ. ಬಾಗಿಲಿನ ಅಡಿಯಂಚಿನಲ್ಲಿಯೂ ಒಂದೆರಡು ತೂತುಗಳನ್ನು ಬಿಡುತ್ತಾನೆ. ಕಾರಿನ ಬಾಗಿಲಿನೊಳಕ್ಕೂ ಗಾಜಿನ ಪಕ್ಕದಿಂದ ಮಳೆಯ ನೀರು ಇಳಿಯುತ್ತದೆ. ಅಡಿಯ ತೂತುಗಳಿಂದ ಹೊರಗೆ ಹರಿದು ಹೋಗುವುದರಿಂದ ಅದು ಯಾರ ಗಮನಕ್ಕೂ ಬರುವುದಿಲ್ಲ, ಅಷ್ಟೆ. ತೂತಿಲ್ಲದ ಬಾಗಿಲು ನೀರು ತುಂಬಿದ ಕೊಡದಂತೆ; ಒಂದೆರಡು ಮಳೆಗಾಲಗಳಲ್ಲಿ ಅದರ ತಳ ಕಳಚಿ ಬೀಳುತ್ತದೆ.

ಈ ಮಾತು ಮಲೆನಾಡಿಗೆ ಹೊಸದಲ್ಲ. ಅಡಿಕೆ ತೋಟದವನು ಸಾಲು ಸಾಲಿನ ನಡುವೆ ಬಸಿಗಾಲುವೆ ತೆಗೆಯುವುದು ಇದಕ್ಕಾಗಿಯೇ. ನಿಂತ ನೀರು ಬೇರನ್ನು ಕೊಳೆಸುತ್ತದೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಳೆಯ ಮನೆಗಳ ಇಳಿಜಾರಾದ ಹೆಂಚಿನ ಮಾಡು, ಮುಂದಕ್ಕೆ ಚಾಚಿದ ಸೂರು, ಸೂರಿನಡಿಯ ಅಡಿಕೆ ಮರದ ದೋಣಿ, ಅಂಗಳದ ಮೂಲೆಯ ಮೋರಿ ಇವೆಲ್ಲವೂ ಮಳೆಗೆ ತೋರಿಸಿಕೊಟ್ಟ ದಾರಿಗಳೇ. ಬಾಗಿಲಿನ ಅಡಿಯಲ್ಲಿ ತೂತು ಕೊರೆಯುವ ಮೇಸ್ತ್ರಿಯೂ ಅಜ್ಜಂದಿರ ಅದೇ ವಿದ್ಯೆಯನ್ನು ತಗಡಿನ ಮೇಲೆ ಬರೆಯುತ್ತಾನೆ.

ಮಳೆಯನ್ನು ಗೆದ್ದೊಡನೆ ಇನ್ನೊಂದು ತೊಂದರೆ ಒಳಗಿನಿಂದಲೇ ಹುಟ್ಟುತ್ತದೆ. ಬಾಗಿಲಿಲ್ಲದ ಜೀಪಿನಲ್ಲಿ ಕುಳಿತವರು ನೆನೆಯುತ್ತಿದ್ದರು, ನಿಜ. ಆದರೆ ಗಾಜು ಮಸುಕಾಗುತ್ತಿರಲಿಲ್ಲ. ಈಗ ಮುಚ್ಚಿದ ಗಾಡಿಯಲ್ಲಿ ಏಳೆಂಟು ಜನ ಒದ್ದೆ ಬಟ್ಟೆಯಲ್ಲಿ ಕುಳಿತು ಉಸಿರಾಡುತ್ತಾರೆ. ಆ ಬೆಚ್ಚನೆಯ, ತೇವ ತುಂಬಿದ ಗಾಳಿಯು ಹೊರಗಿನ ಮಳೆಗೆ ತಣ್ಣಗಾದ ಗಾಜನ್ನು ತಾಗಿದೊಡನೆ ಅದರ ತೇವ ಹನಿಗಟ್ಟುತ್ತದೆ. ಬೆಳಗಿನ ಹುಲ್ಲಿನ ಮೇಲೆ ಇಬ್ಬನಿ ಕೂರುವುದೂ ಇದೇ ಕ್ರಮದಿಂದ. ಕ್ಷಣಾರ್ಧದಲ್ಲಿ ಗಾಜೆಲ್ಲ ಬಿಳುಪಾಗಿ ದಾರಿ ಮರೆಯಾಗುತ್ತದೆ. ಇದಕ್ಕೆ ಮದ್ದು ಮತ್ತೆ ಗಾಳಿಯೇ. ಆದ್ದರಿಂದ ಸರಿಯುವ ಗಾಜನ್ನು ಬೆರಳಗಲ ತೆರೆದಿಟ್ಟರೂ ಮಳೆ ಒಳಗೆ ಹೊಡೆಯದಂತೆ ಕಿಟಕಿಯ ಮೇಲಂಚಿಗೆ ಸೂರಿನಂಥ ಸಣ್ಣ ತಗಡಿನ ಪಟ್ಟಿಯೊಂದನ್ನು ಕೂರಿಸಬೇಕಾಗುತ್ತದೆ. ಒಂದು ಸುಖವನ್ನು ಒಳಗೆ ಕರೆದರೆ ಅದರ ಹಿಂದೆಯೇ ಒಂದು ಕಷ್ಟವೂ ಹೊಸ್ತಿಲು ದಾಟುತ್ತದೆ. ಎರಡಕ್ಕೂ ಆಸನ ಹಾಕುವವನೇ ಜಾಣ.

ಇನ್ನು ಗಾಜಿನ ಮಾತು. ಚಿತ್ರಕ್ಕೆ ಚೌಕಟ್ಟು ಹಾಕುವ ಅಂಗಡಿಯ ಸಾಮಾನ್ಯ ಗಾಜು ಅಗ್ಗವಾಗಿ ಸಿಗುತ್ತದೆ. ಬೇಕಾದ ಅಳತೆಗೆ ಅಲ್ಲೇ ಕೊಯ್ದು ಕೊಡುತ್ತಾರೆ. ಹಣ ಉಳಿಸಲು ಅದನ್ನೇ ಗಾಡಿಗೆ ಹಾಕಿಸುವವರು ಇಲ್ಲದಿಲ್ಲ. ಆದರೆ ಗಾಡಿ ಮಗುಚಿದಾಗ ಆ ಗಾಜು ಚೂರಿಯಂತೆ ಉದ್ದುದ್ದ ಸೀಳಾಗಿ ಒಡೆಯುತ್ತದೆ. ಪಕ್ಕದಲ್ಲಿ ಕುಳಿತಿರುವುದು ಶಾಲೆಯ ಮಗುವಾದರೆ ಉಳಿಸಿದ ಹಣದ ಬೆಲೆ ಎಷ್ಟು? ಬಾಗಿಲಿಗೆ ಬೇಕಾದುದು ಹದಗೊಳಿಸಿದ ಗಾಜು. ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ, ಎರಡೂ ಮುಖಗಳ ಮೇಲೆ ತಣ್ಣನೆಯ ಗಾಳಿಯನ್ನು ರಭಸದಿಂದ ಊದುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ತಣಿದು ಕುಗ್ಗುವಾಗ ಹೊರಮೈಯನ್ನು ಬಿಗಿಯಾಗಿ ಹಿಡಿದೆಳೆಯುತ್ತದೆ. ಈ ಬಿಗಿಯಿಂದಲೇ ಅದಕ್ಕೆ ಹಲವು ಪಟ್ಟು ಬಲ ಬರುತ್ತದೆ. ಒಡೆದರೂ ಅದು ಜೋಳದ ಕಾಳಿನಂಥ ಮೊಂಡು ಹರಳುಗಳಾಗಿ ಉದುರುತ್ತದೆ. ಆದರೆ ಒಮ್ಮೆ ಹದಗೊಂಡ ಗಾಜನ್ನು ಮತ್ತೆ ಕೊಯ್ಯುವಂತಿಲ್ಲ. ಅಂಚಿಗೆ ಗೀರಿದರೆ ಇಡಿಯಾಗಿ ಸಿಡಿಯುತ್ತದೆ. ಆದ್ದರಿಂದ ಮೊದಲು ರಟ್ಟಿನ ಅಚ್ಚನ್ನು ಚೌಕಟ್ಟಿನಲ್ಲಿಟ್ಟು ಸರಿಸಿ, ಕೂದಲೆಳೆಯ ವ್ಯತ್ಯಾಸವನ್ನೂ ತಿದ್ದಿ, ಆ ಅಚ್ಚಿನಂತೆ ಗಾಜನ್ನು ಕೊಯ್ದು ಅಂಚು ಮಸೆದ ಮೇಲೆಯೇ ಕುಲುಮೆಗೆ ಕಳುಹಿಸಬೇಕು. ತಪ್ಪನ್ನು ರಟ್ಟಿನಲ್ಲಿ ಮಾಡಿ ಮುಗಿಸಿಬಿಡಬೇಕೆಂಬುದು ಈ ಕೆಲಸದ ನೀತಿ.

ಗಾಡಿ ಮಾಲೀಕನದೇ ಇರಬಹುದು. ರಸ್ತೆ ಮಾತ್ರ ಎಲ್ಲರದು. ಅದಕ್ಕಾಗಿ ಕಾನೂನಿಗೂ ಇಲ್ಲಿ ಮಾತಿದೆ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದುದಕ್ಕಿಂತ ಬೇರೆಯಾಗುವ ರೀತಿಯಲ್ಲಿ ವಾಹನವನ್ನು ಮನಬಂದಂತೆ ಮಾರ್ಪಡಿಸಕೂಡದು. ಕೆಲಸಕ್ಕೆ ಕೈ ಹಚ್ಚುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. 1989ರ ಕೇಂದ್ರ ನಿಯಮಗಳ ಪ್ರಕಾರ ಬದಿಯ ಗಾಜಿನ ಮೂಲಕ ನೂರಕ್ಕೆ 50ರಷ್ಟಾದರೂ ಬೆಳಕು ಹಾಯಬೇಕು. ಗಾಜಿಗೆ ಕಪ್ಪು ಹಾಳೆ ಅಂಟಿಸಿಕೊಂಡು ತಿರುಗುವುದರ ವಿರುದ್ಧ 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿತು. ಕಿಟಕಿ ಇರುವುದು ನೋಡುವುದಕ್ಕೆ. ನೋಟವನ್ನೇ ಮುಚ್ಚಿದ ಮೇಲೆ ಅದು ಕಿಟಕಿಯಾಗಿ ಉಳಿಯುವುದಿಲ್ಲ.

ಕಾಲ ಮುಂದೆ ಸಾಗಿದೆ. ಜೀಪಿನ ವಂಶದಲ್ಲಿಯೇ 2010ರಲ್ಲಿ ಬಂದ ಥಾರ್ ಗಾಡಿ ಕ್ಯಾನ್ವಾಸಿನ ಹೊದಿಕೆಯನ್ನು ಹೊದ್ದು ಬಂದಿತ್ತು. 2020ರಲ್ಲಿ ಬಂದ ಹೊಸ ಥಾರ್‌ನಲ್ಲಿ ಗುಂಡಿ ಒತ್ತಿದರೆ ಗಾಜು ತಾನಾಗಿ ಇಳಿಯುತ್ತದೆ. ಆದರೂ ಹಳೆಯ ಜೀಪುಗಳು ಮಲೆನಾಡನ್ನು ಬಿಟ್ಟುಹೋಗಿಲ್ಲ. ಕೊಡಚಾದ್ರಿಯ ಕಲ್ಲುಮಣ್ಣಿನ ದಾರಿಯಲ್ಲಿ ಯಾತ್ರಿಕರನ್ನು ಕುಲುಕುತ್ತ ಕರೆದೊಯ್ಯುವ ಜೀಪುಗಳನ್ನು ನೋಡಿದರೆ ಇದು ತಿಳಿಯುತ್ತದೆ. ಅಪ್ಪನ ಕಾಲದ ಜೀಪನ್ನು ಮಾರಲೊಲ್ಲದೆ ಮನೆಯ ಹಿರಿಯನಂತೆ ಇಟ್ಟುಕೊಂಡಿರುವ ಕುಟುಂಬಗಳೂ ಉಂಟು.

ಅಂಥ ಗಾಡಿಯನ್ನು ಮಾರ್ಪಡಿಸುವಾಗ ವಿವೇಕಿಗಳು ಇನ್ನೊಂದು ಎಚ್ಚರವನ್ನು ಪಾಲಿಸುತ್ತಾರೆ. ಹೊಸ ಬಾಗಿಲಿಗಾಗಿ ಹಳೆಯ ಮೈಯನ್ನು ಕೊಯ್ಯುವುದಿಲ್ಲ. ಕ್ಯಾನ್ವಾಸಿನ ಪಟ್ಟಿಗಳಿಗೆಂದು ಇದ್ದ ಕೊಕ್ಕೆಗಳನ್ನು ಕಿತ್ತೆಸೆಯುವುದಿಲ್ಲ. ಬಾಗಿಲಿನ ಚೌಕಟ್ಟನ್ನು ಮುಂದಿನ ಗಾಜಿಗೆ ಬೆಸುಗೆ ಹಾಕಿ, ಅದು ಮಡಚುವ ಗುಣವನ್ನು ಕೆಡಿಸುವುದಿಲ್ಲ. ಇದ್ದ ತೂತುಗಳಲ್ಲಿಯೇ ಬೋಲ್ಟು ಬಿಗಿದು, ಬೇಸಿಗೆ ಬಂದಾಗ ಬಾಗಿಲನ್ನು ಕಳಚಿ ಕೊಟ್ಟಿಗೆಯಲ್ಲಿಡುವಂತೆ ಮಾಡುತ್ತಾರೆ. ಮುಂದೆ ಈ ಗಾಡಿ ಯಾರ ಕೈ ಸೇರುವುದೋ ತಿಳಿಯದು; ಅವರಿಗೆ ಹಳೆಯ ರೂಪವೇ ಬೇಕೆನಿಸಿದರೆ ಅದು ಸಿಗುವಂತಿರಬೇಕು. ಹಿಂದಿನವರು ಹೀಗೇಕೆ ಮಾಡಿದರು ಎಂಬುದನ್ನು ತಿಳಿದವನಿಗೆ ಅದನ್ನು ಬದಲಿಸುವ ಅಧಿಕಾರವಿದೆ. ಅದನ್ನು ತಿಳಿಯದೆ ಬದಲಿಸಿದವನು ಒಂದು ದೋಷವನ್ನು ಕಳೆದು ಎರಡನ್ನು ತಂದುಕೊಳ್ಳುತ್ತಾನೆ. ಇದು ಜೀಪಿಗೆ ಮಾತ್ರ ಸಲ್ಲುವ ಮಾತಲ್ಲ; ಮನೆಗೂ ಊರಿಗೂ ರೂಢಿಗೂ ಸಲ್ಲುತ್ತದೆ.

ಕೆಲಸವೆಲ್ಲ ಮುಗಿದ ಮೇಲೆ ಒಳ್ಳೆಯ ಮೇಸ್ತ್ರಿ ಹೊಸ ಬಾಗಿಲನ್ನು ಪರೀಕ್ಷಿಸುವ ರೀತಿ ನೋಡತಕ್ಕದ್ದು. ಗಾಜನ್ನು ಮುಚ್ಚಿ, ಅದರ ಮೇಲೆ ಒಂದು ಕೊಡ ನೀರನ್ನು ಧಾರೆಯಾಗಿ ಸುರಿಯುತ್ತಾನೆ. ಯಜಮಾನರು ನೀರು ಒಳಗೆ ಬಂತೇ ಎಂದು ಸೀಟಿನ ಕಡೆ ನೋಡುತ್ತಾರೆ. ಮೇಸ್ತ್ರಿಯಾದರೋ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು, ಕತ್ತು ಬಗ್ಗಿಸಿ, ಬಾಗಿಲಿನ ಅಡಿಯ ತೂತುಗಳನ್ನೇ ನೋಡುತ್ತಾನೆ. ಅಲ್ಲಿಂದ ನೀರು ಸಲೀಸಾಗಿ ತೊಟ್ಟಿಕ್ಕತೊಡಗಿದಾಗ ಎದ್ದು ಕೈ ಒರೆಸಿಕೊಂಡು, "ಇನ್ನು ಮಳೆ ಬರಲಿ, ಗೌಡ್ರೆ" ಎನ್ನುತ್ತಾನೆ.